ಹುಲಿಮೀನು ತಿನ್ನುವಾಗ

ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಯ ಪಕ್ಕ, ತಲೆಯನ್ನು ತುಸು ಕೆಳಗೆ ಬಾಗಿಸಿಕೊಂಡು, ಹುಲಿಮೀನು ನಿಂತಿತ್ತು. ಈಜುತ್ತಿರಲಿಲ್ಲ, ತೇಲುತ್ತಲೂ ಇರಲಿಲ್ಲ. ಯಾರೋ ಅಲ್ಲಿ ಇಟ್ಟು ಮರೆತು ಹೋದಂತೆ ನಿಂತಿತ್ತು. ಹಳೆಯ ಚಿನ್ನದ ಬಣ್ಣದ ಮೈ. ಅದರ ಮೇಲೆ ಬೆನ್ನಿನಿಂದ ಹೊಟ್ಟೆಗೆ ಇಳಿದ ಕಪ್ಪು ಪಟ್ಟೆಗಳು, ಹಸಿ ಗೋಡೆಯ ಮೇಲೆ ಯಾರೋ ಮಸಿಯ ಬೆರಳೆಳೆದ ಹಾಗೆ. ಕಿವಿರಿನ ಪಕ್ಕದ ಸಣ್ಣ ರೆಕ್ಕೆ ಮಾತ್ರ, ಒಳಗೆ ಜೀವವಿದೆ ಎನ್ನುವಷ್ಟು ಅಲುಗುತ್ತಿತ್ತು. ಮೀನಿನ ಹಿಂದೆ ಕಂದು ನೀರು, ನೀರಿನ ಹಿಂದೆ ಕಪ್ಪು ಬಳಿದ ಗೋಡೆ. ಮೀನಿನ ಮುಂದೆ ಗಾಜು. ಗಾಜಿನ ಮೇಲೆ ಬೆಳಗಿನ ಬೆಳಕು ಬರೆದ ಇನ್ನೊಂದು ಚಿತ್ರ: ಕಿಟಕಿಯ ಬಳಿ ಚಾಪೆಯ ಮೇಲೆ ಕಾಲು ಮಡಿಸಿ ಕುಳಿತ ಹುಡುಗಿ, ಅವಳ ಮುಂದೆ ಗಂಜಿಯ ಬಟ್ಟಲು, ಬಟ್ಟಲಿನಿಂದ ಏಳುವ ಹಬೆ. ಹುಡುಗಿಯ ಮುಖ ಮೀನಿನ ಬೆನ್ನ ಮೇಲೆ ಬಿದ್ದಿತ್ತು. ಒಂದು ಪಟ್ಟೆ ಅವಳ ಕೆನ್ನೆಯನ್ನು ಹಾದು ಹೋಗಿತ್ತು. ಅವಳು ಚಮಚವನ್ನು ತುಟಿಯ ಬಳಿಗೆ ತಂದು, ಊದಿ, ತಡೆದಳು. ಮೀನೂ ತಡೆದಿತ್ತು.

ಥವಿನ್ ಈ ಚಿತ್ರದ ಎದುರು ಮೋಟು ಸ್ಟೂಲಿನ ಮೇಲೆ, ಹುಡುಗಿಗೆ ಬೆನ್ನು ಹಾಕಿ, ತನ್ನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಈ ಮನೆಯ ಊಟಗಳೆಲ್ಲ ಹೀಗೆಯೇ ನಡೆದಿದ್ದವು. ಕಿಟಕಿಯ ಬಳಿ ಅವನ ಹೆಂಡತಿ ಬುಪ್ಫಾ ಮತ್ತು ಅವಳ ಮಗಳು ಪೈಲಿನ್. ಗಾಜಿನ ತೊಟ್ಟಿಯ ಎದುರು ಅವನು. ಬುಪ್ಫಾ ಈಗ ಗೋಡೆಯ ಮೇಲಿನ ಚಿತ್ರಪಟದಲ್ಲಿದ್ದಳು. ನಿನ್ನೆ ಅವಳ ನೂರನೆಯ ದಿನದ ಪುಣ್ಯಕಾರ್ಯ ಮುಗಿದಿತ್ತು. ವಿಹಾರದಿಂದ ತಂದ ಚಾಪೆಗಳು ಇನ್ನೂ ಹಿಂದಿರುಗದೆ ಮೂಲೆಯಲ್ಲಿ ಸುರುಳಿಯಾಗಿ ನಿಂತಿದ್ದವು. ಭಿಕ್ಷುಗಳು ಊಟ ಮುಗಿಸಿ ಎದ್ದ ಮೇಲೆ, ಲಂಪಾಂಗಿನಿಂದ ಬಂದಿದ್ದ ಬುಪ್ಫಾಳ ಅಕ್ಕ ಎಲ್ಲರ ಮುಂದೆ ಮಾತೆತ್ತಿದ್ದಳು. ತಂಗಿಯೇ ಇಲ್ಲದ ಮೇಲೆ ಹುಡುಗಿಗೆ ಈ ಮನೆಯಲ್ಲಿ ಏನಿದೆ, ತನ್ನ ಜೊತೆಗಿದ್ದು ಹೊಲಿಗೆ ಕಲಿಯಲಿ ಎಂದಿದ್ದಳು. ಎಲ್ಲರೂ ಥವಿನ್‌ನ ಮುಖ ನೋಡಿದ್ದರು. ಅವನು ತನ್ನ ಕಾಲ್ಬೆರಳುಗಳನ್ನು ನೋಡಿಕೊಳ್ಳುತ್ತ, "ಅವಳಿಷ್ಟ" ಎಂದಿದ್ದ. ಹೇಳುವಾಗ ಅದು ದೊಡ್ಡ ಮನಸ್ಸಿನ ಮಾತು ಎಂದೇ ಅನ್ನಿಸಿತ್ತು. ಹುಡುಗಿ ಒಂದು ಕ್ಷಣ ತಡೆದು, "ಹೋಗ್ತೀನಿ ದೊಡ್ಡಮ್ಮ" ಎಂದಳು. ದೊಡ್ಡಮ್ಮ ಸಂಜೆಯೇ ಊರಿಗೆ ಹೊರಟಳು. ಹುಡುಗಿಯ ಬಟ್ಟೆಯ ಚೀಲ ಈಗ ಬಾಗಿಲ ಬಳಿ ಸಿದ್ಧವಾಗಿತ್ತು. ಇಂದು ಮಧ್ಯಾಹ್ನ ಊಟದ ಮೇಲೆ, ಬಸ್ ನಿಲ್ದಾಣಕ್ಕೆ ಹೋಗುವ ಬಾಡಿಗೆ ಗಾಡಿ ಕೆರೆಯ ದಾರಿಯಲ್ಲಿ ಬರುತ್ತದೆ.

ಅವಳು ಹೋಗಬಾರದು. ಇಷ್ಟು ಸರಳವಾದ ಮಾತು ತನ್ನೊಳಗೆ ಇಷ್ಟು ವರ್ಷ ಎಲ್ಲಿತ್ತು ಎಂದು ಅವನು ಬೆರಗಾದ. ಗಾಜಿನಲ್ಲಿ ಅವಳು ಚಮಚವನ್ನು ಬಾಯಿಗಿಟ್ಟಳು. ನುಂಗಿದಳು. ಅವನ ಗಂಟಲಿನಲ್ಲಿ ಏನೋ ಸಡಿಲವಾಯಿತು. ಅವಳು ನುಂಗಿದಾಗಲೆಲ್ಲ ಅವನಿಗೆ ಹೀಗಾಗುತ್ತಿತ್ತು, ಮೊದಲ ತುತ್ತಿನಿಂದಲೂ.

ಮೊದಲ ದಿನ ಅವಳು ತಿಂದಿರಲಿಲ್ಲ. ಎರಡನೆಯ ದಿನವೂ. ಐದು ವರ್ಷದ ಮಗು, ಬುಪ್ಫಾಳ ಲಂಗದ ಅಂಚನ್ನು ಸೆರಗಿನಂತೆ ಹಿಡಿದು ಈ ಮನೆಯ ಹೊಸ್ತಿಲು ದಾಟಿ ಬಂದದ್ದು. ಅವನು ಎದುರಿಗೆ ಕುಳಿತರೆ ತಟ್ಟೆಯ ಮೇಲೆ ಎರಡೂ ಕೈ ಮುಚ್ಚಿ ಕಲ್ಲಾಗುತ್ತಿತ್ತು. ಬುಪ್ಫಾ ಪಾತ್ರೆ ತಿಕ್ಕುತ್ತ, ತಲೆ ಎತ್ತದೆ, ಒಮ್ಮೆ ಮಾತ್ರ ಕಾರಣ ಹೇಳಿದ್ದಳು. ಮೊದಲ ಗಂಡ ಕುಡಿದು ಬಂದು ಮಗುವಿನ ಎದುರು ಕೂರುತ್ತಿದ್ದನಂತೆ, ಒಂದೊಂದು ತುತ್ತನ್ನೂ ದಿಟ್ಟಿಸುತ್ತಿದ್ದನಂತೆ, ಯಾವ ತುತ್ತಿಗೆ ತಟ್ಟೆ ಹಾರುತ್ತದೆ ಎಂದು ತಾಯಿಗೂ ತಿಳಿಯುತ್ತಿರಲಿಲ್ಲವಂತೆ. ಮಕ್ಕಳನ್ನು ಬೆಳೆಸಿ ಗೊತ್ತಿದ್ದವನಲ್ಲ ಥವಿನ್. ಗೊತ್ತಿದ್ದದ್ದು ಒಂದೇ, ಹುಲಿಮೀನಿನ ಮರಿಗಳಿಗೆ ತಿನ್ನಲು ಕಲಿಸುವುದು. ಅವನ ಅಪ್ಪನ ಕಾಲದಲ್ಲಿ ಈ ಕೆರೆಯಲ್ಲೇ ಬಲೆಗೆ ಬೀಳುತ್ತಿದ್ದ ಮೀನು. ಆಗ ಅದನ್ನು ಹುಳಿ ಹಾಕಿ ಸಾರು ಮಾಡಿ ತಿನ್ನುತ್ತಿದ್ದರು, ಯಾರೂ ಅದರ ಬಣ್ಣ ನೋಡುತ್ತಿರಲಿಲ್ಲ. ಈಗ ಕೆರೆಯಲ್ಲಿ ಒಂದೂ ಇಲ್ಲ. ಮರಿಗಳು ಗಡಿಯಾಚೆಯ ಖಮೇರ್ ಸೀಮೆಯ ಕಡೆಯಿಂದ ಪ್ಲಾಸ್ಟಿಕ್ ಚೀಲಗಳಲ್ಲಿ, ಹೆದರಿ ಇದ್ದಿಲಿನಂತೆ ಕಪ್ಪಾಗಿ ಬರುತ್ತವೆ. ಕೊಂದು ತಿನ್ನುವ ಜಾತಿ, ಸತ್ತದ್ದನ್ನು ಮುಟ್ಟುವುದಿಲ್ಲ. ಹಸಿವಿಗೆ ಬಿಡಬೇಕು. ಆಮೇಲೆ ಸತ್ತ ಸಿಗಡಿಯನ್ನು ದಾರಕ್ಕೆ ಕಟ್ಟಿ, ನೀರಿನ ಸೆಳೆತಕ್ಕೆ ಬಿಟ್ಟು, ಜೀವವಿದ್ದಂತೆ ಕುಣಿಸಬೇಕು. ಎಲ್ಲಕ್ಕಿಂತ ಮುಖ್ಯ, ಗಾಜಿನ ಮುಂದೆ ನಿಲ್ಲಬಾರದು. ನೋಡುವ ಕಣ್ಣಿನೆದುರು ಹುಲಿಮೀನು ಬಾಯಿ ತೆರೆಯುವುದಿಲ್ಲ. ಹಾಕಿ, ತಿರುಗಿ, ಇಲ್ಲದವನಂತಿರಬೇಕು. ಕರುಣೆ ಬಂದು ಇಣುಕಿದವನ ಮೀನು ಸಾಯುತ್ತದೆ ಎಂದು ಈ ಕೆಲಸದವರೆಲ್ಲ ಹೇಳುತ್ತಾರೆ.

ಮೂರನೆಯ ದಿನ ಅವನು ತನ್ನ ತಟ್ಟೆಯನ್ನು ಎತ್ತಿಕೊಂಡು ಬಂದು ತೊಟ್ಟಿಯ ಎದುರು, ಅವಳಿಗೆ ಬೆನ್ನು ಹಾಕಿ ಕುಳಿತ. ಹಿಂದೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಚಮಚ ತಟ್ಟೆಗೆ ತಾಗಿತು. ಗಾಜಿನಲ್ಲಿ, ಕಪ್ಪು ನೀರಿನ ಮೇಲೆ, ಒಂದು ಪುಟ್ಟ ಬಾಯಿ ತೆರೆದುಕೊಂಡಿತು. ಬುಪ್ಫಾ ಅಳುತ್ತಿದ್ದಳು. ಅವನೂ ಉಪ್ಪು ಬೆರೆತ ಅನ್ನ ತಿಂದ. ಅಂದು ಗೆದ್ದೆ ಎಂದುಕೊಂಡ. ಗೆದ್ದವನು ಯಾವಾಗ ಎದ್ದು ತಿರುಗಬೇಕು ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ. ಮೀನಾದರೆ ಗೊತ್ತಾಗುತ್ತದೆ, ಒಂದು ದಿನ ಅದು ತಾನಾಗಿ ಮೇಲೆ ಬಂದು ಕೈಯಿಂದಲೇ ಸಿಗಡಿಯನ್ನು ಕಿತ್ತುಕೊಳ್ಳುತ್ತದೆ. ಅವನು ಕಾದ. ಹುಡುಗಿ ಶಾಲೆಗೆ ಹೋದಳು, ಹಲ್ಲು ಬಿದ್ದು ಹುಟ್ಟಿದವು, ಎರಡು ಜಡೆ ಒಂದಾಯಿತು, ಬುಪ್ಫಾಳ ಬಟ್ಟೆ ಅವಳಿಗೆ ಸರಿಹೊಂದತೊಡಗಿತು. ಅವನನ್ನು ಅವಳು ಲುಂಗ್ ಎಂದೇ ಕರೆದಳು. ದೋಣಿ ನಡೆಸುವವನೂ ಲುಂಗ್, ಎಳನೀರು ಮಾರುವವನೂ ಲುಂಗ್. ವಯಸ್ಸಾದ ಗಂಡಸರಿಗೆಲ್ಲ ಸಲ್ಲುವ ಆ ಮಾತಿನ ಸಾಲಿನಲ್ಲಿ ತನ್ನ ಜಾಗವನ್ನು ಅವನು ದೂರಿಲ್ಲದೆ ಹಿಡಿದುಕೊಂಡ. ಅಪ್ಪ ಎನ್ನಲು ಅವರ ಮಾತಿನಲ್ಲಿ 'ಫೋ' ಎನ್ನುತ್ತಾರೆ. ಎಷ್ಟು ಚಿಕ್ಕ ಪದ. ಬಾಯಿಂದ ಗಾಳಿ ಬಿಟ್ಟರೆ ಸಾಕು.

ಹೊರಗೆ ಗಾಡಿಯ ಸದ್ದಾಯಿತು. ಅಷ್ಟು ಬೇಗ ಬಂದಿತೇ ಎಂದು ಥವಿನ್‌ನ ಎದೆ ಹಾರಿತು. ಆದರೆ ಬಂದವನು ಕುವಾಂಗ್, ಅವನಿಂದ ಮರಿಗಳನ್ನು ಕೊಂಡು ಬ್ಯಾಂಕಾಕಿಗೆ ಸಾಗಿಸುವ ಚೀನೀ ಮೂಲದ ವ್ಯಾಪಾರಿ. ಮಂಡಿನೋವಿನಿಂದ ಒಂದು ವರ್ಷ ಈ ಕಡೆಗೆ ಬಂದಿರಲಿಲ್ಲ, ಆಳುಗಳನ್ನು ಕಳಿಸುತ್ತಿದ್ದ. ಬುಪ್ಫಾಳ ಚಿತ್ರಪಟಕ್ಕೆ ಕೈಮುಗಿದು, ಬರಲಾಗದೆ ಹೋದದ್ದಕ್ಕೆ ಎರಡು ಮಾತು ಗೊಣಗಿ, ದೊಡ್ಡ ತೊಟ್ಟಿಯ ಮುಂದೆ ಬಂದು ನಿಂತವನು ಹುಬ್ಬೇರಿಸಿದ.

"ಏನಯ್ಯಾ ಥವಿನ್, ಮೀನು ಬದಲಾಯಿಸಿದೀಯಾ?"

"ಅದೇ ಮೀನು, ಅಣ್ಣ."

"ಹೋದ ಸಲ ಒಂದು ಗೇಣಿತ್ತು. ಈಗ ಗೇಣಿನ ಮೇಲೆ ಬೆರಳಗಲ."

ಥವಿನ್ ನೋಡಿದ. ಅವನ ಕಣ್ಣಿಗೆ ಅದು ನಿನ್ನೆಯಷ್ಟೇ ಇತ್ತು, ಮೊನ್ನೆಯಷ್ಟೇ ಇತ್ತು. ಇದನ್ನು ಮರಿಯಾಗಿದ್ದಾಗ, ಬೆಳೆಯದ ಪೀಚು ಎಂದು ಬೈದು, ಕುವಾಂಗನೇ ಇವನ ಕೈಗೆ ಎಸೆದು ಹೋಗಿದ್ದ. ಹಾವುಮೀನಿನಂಥ ಬೇಟೆಯ ಮೀನುಗಳು ಒಂದೇ ಮಳೆಗಾಲದಲ್ಲಿ ತೋಳುದ್ದ ಆಗುತ್ತವೆ, ತೊಟ್ಟಿಯನ್ನು ಒಡೆಯುವಂತೆ ಉಬ್ಬುತ್ತವೆ, ಬೇಗ ಸಾಯುತ್ತವೆ. ಹುಲಿಮೀನು ಹಾಗಲ್ಲ. ನೆರಳಿನಲ್ಲಿ ನಿಂತು ಕಾಯುವುದೇ ಅದರ ಬೇಟೆ. ಬೆಳೆಯುವುದನ್ನೂ ಅದು ಕಾದು ಕಾದು ಮಾಡುತ್ತದೆ. ಹೊಸದಾಗಿ ಕೊಂಡವರು ತಿಂಗಳೊಳಗೆ ಬಂದು ಇದಕ್ಕೇನೋ ರೋಗ, ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ಒಳಗೇ ಇರುತ್ತದೆ, ನೀವು ನೋಡುವುದನ್ನು ನಿಲ್ಲಿಸಿ ಎಂದು ಥವಿನ್ ಉತ್ತರಿಸುತ್ತಿದ್ದ. ಆ ಉತ್ತರಕ್ಕೆ ಅವನು ಈ ಕೆರೆಯ ಸುತ್ತ ಹೆಸರಾಗಿದ್ದ.

"ನನಗೆ ಕಾಣಲ್ಲಪ್ಪ" ಎಂದ.

"ದಿನಾ ನೋಡೋನಿಗೆ ಹೇಗೆ ಕಾಣತ್ತೆ? ನನ್ನ ಹೆಂಡತಿ ದಪ್ಪ ಆಗಿದ್ದು ನನಗೆ ಗೊತ್ತಾಗಿದ್ದು ಅವಳು ತವರಿಗೆ ಹೋಗಿ ತಿಂಗಳು ಇದ್ದು ಬಂದ ಮೇಲೆ. ಬಾಗಿಲಲ್ಲಿ ನಿಂತಿದ್ಲು, ಬಿಸಿಲೇ ಬರಲಿಲ್ಲ ಒಳಗೆ."

ಪೈಲಿನ್ ನೀರಿನ ಲೋಟ ತಂದಿಟ್ಟಳು. ಅವಳ ತುಟಿಯಂಚಿನಲ್ಲಿ ನಗು ಸುಳಿದದ್ದನ್ನು ಕುವಾಂಗ್ ನೋಡಿದ. ಥವಿನ್ ಎಂದಿನಂತೆ ಲೋಟವನ್ನು ನೋಡುತ್ತಿದ್ದ. ಕುವಾಂಗ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬುಪ್ಫಾಳೇ ಎದ್ದು ಬಂದ ಹಾಗಿದೆ, ನಡಿಗೆಯೂ ಅದೇ ಎಂದ. ಚೀಲ ಕಂಡು ಕಾರಣ ಕೇಳಿದ. ಅವಳು ಎರಡೇ ಮಾತಿನಲ್ಲಿ ಹೇಳಿ ಒಳಗೆ ಹೋದಳು. ಕುವಾಂಗ್ ನೀರು ಕುಡಿಯಲಿಲ್ಲ.

"ಹೋಗಬೇಡ ಅಂದ್ಯಾ?"

"ಅವಳಿಷ್ಟ."

"ಅವಳಿಷ್ಟ ಅಂತೆ. ಲೋ, ಮೀನಿನ ಜೊತೆ ಇದ್ದೂ ಇದ್ದೂ ನಿನಗೂ ಮಾತು ಹೋಯ್ತೇನೋ?"

ಮರಿಗಳ ಚೀಲಗಳನ್ನು ಗಾಡಿಗೆ ಸಾಗಿಸಿ ಅವನು ಹೊರಟ ಮೇಲೂ ಆ ಮಾತು ಮನೆಯೊಳಗೆ ಉಳಿಯಿತು, ಹೊರಹೋಗಲು ದಾರಿ ಸಿಗದ ನೊಣದ ಹಾಗೆ. ಒಳಗೆ ಕೊಚ್ಚುವ ಸದ್ದು. ಅವಳು ಅಡುಗೆ ಮಾಡುತ್ತಿದ್ದಳು, ಇಬ್ಬರಿಗೆ. ತಾನು ಹೋದ ಮೇಲೆ ಸಂಜೆಗೂ ಆಗಲಿ ಎಂದು ಹೆಚ್ಚಾಗಿ ಮಾಡುತ್ತಿದ್ದಾಳೆ ಎಂಬುದು ಬೆಳ್ಳುಳ್ಳಿಯ ಸಿಪ್ಪೆಯ ರಾಶಿಯಿಂದ ತಿಳಿಯುತ್ತಿತ್ತು. ಥವಿನ್ ಸಣ್ಣ ತೊಟ್ಟಿಗಳ ನೀರು ಬದಲಿಸಲು ಹೋಗಿ, ಕೊಳವೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತ. ಆಸ್ಪತ್ರೆಯ ಹಾಸಿಗೆಯಲ್ಲಿ ಬುಪ್ಫಾ ಒಂದನ್ನೇ ಕೇಳಿದ್ದಳು. ನಾನಿಲ್ಲದ ಮೇಲೆ ಅವಳ ಜೊತೆ ಕೂತು ಊಟ ಮಾಡಿ ಎಂದಿದ್ದಳು, ಕೈಯನ್ನು ಹಿಡಿಯಲು ಶಕ್ತಿಯಿಲ್ಲದೆ ಅವನ ಅಂಗಿಯ ಗುಂಡಿಯನ್ನು ಮುಟ್ಟಿಕೊಂಡು. ಅವನು ಆಗಲಿ ಎಂದಿದ್ದ. ದಹನ ಮುಗಿಸಿ ಬಂದ ಸಂಜೆ, ಕಿಟಕಿಯ ಬಳಿ ಹುಡುಗಿ ಒಬ್ಬಳೇ ಕುಳಿತಿದ್ದಳು. ಗಾಜಿನಲ್ಲಿ ಅವಳ ಚಮಚ ನಡುಗುತ್ತಿತ್ತು. ಇಂದು ಬೇಡ, ಎಂದುಕೊಂಡ. ಇಂದು ನೋಡಿದರೆ ಹೆದರುತ್ತಾಳೆ. ಮರುದಿನ ಚಮಚ ನಡುಗಲಿಲ್ಲ. ನೆಮ್ಮದಿಯಾಗಿ ತಿನ್ನುತ್ತಿರುವಾಗ ಯಾಕೆ ಕಲಕಬೇಕು ಎಂದುಕೊಂಡ. ನಡುಗಿದರೂ ಕಾರಣ, ನಡುಗದಿದ್ದರೂ ಕಾರಣ. ಕಾರಣಗಳು ಮಾತ್ರ ಹಾವುಮೀನಿನ ಹಾಗೆ ಬೇಗ ಬೇಗ ಬೆಳೆಯುತ್ತಿದ್ದವು. ಮೀನಿನ ಮನಸ್ಸು ಬಲ್ಲವನೆಂದು ಜನ ಹೊಗಳುವಾಗ ಒಳಗೊಳಗೆ ಹಿಗ್ಗುತ್ತಿದ್ದ ತನ್ನನ್ನು ನೆನೆದು ಅವನಿಗೆ ನಾಚಿಕೆಯಾಯಿತು. ತಾಳ್ಮೆ ಎಂದು ತಾನು ಕರೆದದ್ದು ಎಷ್ಟು ಪಾಲು ತಾಳ್ಮೆ, ಎಷ್ಟು ಪಾಲು ಭಯ? ಅವಳು ತಲೆ ಎತ್ತಿ ತನ್ನನ್ನು ನೋಡಿ, ಆ ಮೊದಲ ದಿನದ ಹಾಗೆ ತಟ್ಟೆಯ ಮೇಲೆ ಕೈ ಮುಚ್ಚಿಬಿಟ್ಟರೆ ಎಂಬ ಭಯ. ಬಾಯಿ ತೆರೆಯಲಾರದವನು ತಾನೇ ಆಗಿದ್ದೆನೇನೋ. ನೀರು ತುಂಬಿ ಅವನ ಪಾದದ ಮೇಲೆ ಚೆಲ್ಲಿತು.

ಊಟಕ್ಕೆ ಕರೆದಳು. ಹುರಿದ ಮೀನು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಕೆರೆಯ ಸೊಪ್ಪು, ಒಣಸಿಗಡಿ ಕುಟ್ಟಿದ ಮೆಣಸಿನ ಗೊಜ್ಜು. ಅವನ ತಟ್ಟೆಯನ್ನು ಅವಳು ಎಂದಿನಂತೆ ಸ್ಟೂಲಿನ ಪಕ್ಕದ ಹಲಗೆಯ ಮೇಲಿಟ್ಟಿದ್ದಳು. ಥವಿನ್ ಕುಳಿತ. ಆಮೇಲೆ ಎದ್ದ. ಸ್ಟೂಲಿನ ಕಾಲುಗಳು ಹಲಗೆಯ ನೆಲದಲ್ಲಿ ತಾವೇ ಕೊರೆದುಕೊಂಡ ಗುಳಿಗಳಲ್ಲಿ ನಿಂತಿದ್ದವು, ಎತ್ತುವಾಗ ತಡೆದವು. ಅವನು ಅದನ್ನು ಚಾಪೆಯ ಅಂಚಿಗೆ ತಂದು, ಅವಳ ಎದುರಿಗೆ ಇಟ್ಟು, ಕುಳಿತು, ತಲೆ ಎತ್ತಿದ.

ಪೈಲಿನ್ ಕೈ ಅರ್ಧದಲ್ಲಿ ನಿಂತಿತು.

"ಏನಾದ್ರೂ ಬೇಕಿತ್ತಾ, ಲುಂಗ್?"

"ಏನಿಲ್ಲ. ತಿನ್ನು."

ಅವಳು ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದಳು. ಅವನು ನೋಡಿದ. ಹೇಗೆ ನೋಡಬೇಕೆಂದು ತಿಳಿಯದೆ ನೋಡಿದ; ಅವನಿಗೆ ಬರುತ್ತಿದ್ದುದು ಒಂದೇ ನೋಟ, ಮೀನಿನ ಕಣ್ಣು ಮಂಜಾಗಿದೆಯೇ, ರೆಕ್ಕೆ ಹರಿದಿದೆಯೇ ಎಂದು ಪರೀಕ್ಷಿಸುವ ನೋಟ. ಅವಳ ಕೆನ್ನೆಯ ಮಚ್ಚೆ ಬಲಗಡೆಯಲ್ಲಿತ್ತು. ಎಡಗಡೆಯಲ್ಲಿದೆ ಎಂದು ಅವನು ಇಷ್ಟು ವರ್ಷ ನಂಬಿದ್ದ. ಮಚ್ಚೆ ಸರಿದಿರಲಾರದು. ಗಾಜು ಎಲ್ಲವನ್ನೂ ತಿರುವಿ ತೋರಿಸುತ್ತದೆ ಎಂಬುದು ತಿಳಿದ ಸಂಗತಿಯೇ. ಆದರೂ ಆ ಸಣ್ಣ ಕಪ್ಪು ಚುಕ್ಕೆ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಹೆಸರು ಕೇಳಿದಂತಾಯಿತು. ಎದುರಿಗಿರುವ ಈ ಹೆಣ್ಣುಮಗಳನ್ನು ಅವನು ಕಂಡೇ ಇರಲಿಲ್ಲ.

ಅವಳು ಚಮಚ ಕೆಳಗಿಟ್ಟಳು. ಯಾಕೆ ಈ ದಿನ ಈ ಕಡೆ ಕೂತದ್ದು ಎಂದು ಕೇಳಿದಳು. ಸುಮ್ಮನೆ ಎಂದ. ಉಪ್ಪು ಸರಿಯಾಗಿದೆಯೇ ಎಂದು ಅವನೇ ಕೇಳಿದ, ಅಡುಗೆ ಮಾಡಿದ್ದು ಅವಳು ಎಂಬುದನ್ನು ಮರೆತು. ಅವಳು ನಗಲಿಲ್ಲ. ತಟ್ಟೆಯನ್ನೇ ನೋಡುತ್ತ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ, ನಿಧಾನವಾಗಿ ಹೇಳತೊಡಗಿದಳು. ಲುಂಗ್ ಯಾಕೆ ನಮ್ಮ ಜೊತೆ ಕೂರುವುದಿಲ್ಲ ಎಂದು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳುತ್ತಿದ್ದಳಂತೆ. ಅವರಿಗೆ ಮೀನು ಇಷ್ಟ ಎಂದು ಅಮ್ಮ ಹೇಳುತ್ತಿದ್ದಳಂತೆ. ಹಾಗಾದರೆ ಇಷ್ಟವಿಲ್ಲದ್ದು ಯಾವುದು ಎಂದು ತಾನೇ ಲೆಕ್ಕ ಹಾಕಿಕೊಂಡಳಂತೆ. ಯಾರದೋ ಮಗು ತನ್ನ ಮನೆಯ ಅನ್ನ ತಿನ್ನುವುದನ್ನು ಆತ ನೋಡಲಾರ. ಅಂದಿನಿಂದ ಬೇಗ ಬೇಗ ತಿಂದು ಏಳುತ್ತಿದ್ದಳು. ಎರಡನೆಯ ಸಲ ಬಡಿಸಿಕೊಂಡದ್ದೇ ಇಲ್ಲ.

ಥವಿನ್‌ಗೆ ಗೊತ್ತಿತ್ತು. ಅವಳು ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ ಎಂಬುದನ್ನು ಗಾಜಿನಲ್ಲಿ ಕಂಡಿದ್ದ. ಹೊಟ್ಟೆ ಚಿಕ್ಕದು ಎಂದುಕೊಂಡಿದ್ದ. ನಿಧಾನವಾಗಿ ಬೆಳೆಯುವ ಜೀವ ಎಂದುಕೊಂಡಿದ್ದ.

"ಸ್ಕೂಲಲ್ಲಿ ಅಪ್ಪಂದಿರ ದಿನ ನೀವು ಬಂದಿದ್ರಿ," ಎಂದಳು ಅವಳು. "ಎಲ್ಲ ಮಕ್ಕಳೂ ಅವರವರ ಅಪ್ಪನ ಮುಂದೆ ಮಂಡಿಯೂರಿ, ಹಳದಿ ಹೂವು ಕೊಟ್ಟು, ಕಾಲಿಗೆ ಬೀಳಬೇಕಿತ್ತು. ನಾನೂ ಬಿದ್ದೆ. ಫೋ ಅಂತ ಕರಿಯೋಣ ಅಂತ ಬಾಯಲ್ಲಿ ಇಟ್ಕೊಂಡು ಬಂದಿದ್ದೆ, ಬೆಳಿಗ್ಗೆಯಿಂದ. ತಲೆ ಎತ್ತಿದ್ರೆ ನೀವು ಫ್ಯಾನ್ ನೋಡ್ತಾ ಇದ್ರಿ."

ಫ್ಯಾನ್ ಅವನಿಗೆ ನೆನಪಿತ್ತು. ಹಸಿರು ಬಣ್ಣದ್ದು, ಒಂದು ರೆಕ್ಕೆಯ ತುದಿ ಬಾಗಿ, ಸುತ್ತು ಸುತ್ತಿಗೂ ಕಟ್ ಎನ್ನುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಕತ್ತಿಗೆ ಚುಚ್ಚುತ್ತಿತ್ತು. ಸಾಲಾಗಿ ಕುಳಿತ ಅಪ್ಪಂದಿರ ನಡುವೆ ಅವನು, ತನ್ನದಲ್ಲದ ಕುರ್ಚಿಯಲ್ಲಿ ಕುಳಿತವನಂತೆ, ಅಂಚಿನಲ್ಲಿ ಕುಳಿತಿದ್ದ. ಮಗು ಮುಂದೆ ಬಂದಾಗ ಅದರ ಹೆಗಲು ನಡುಗುತ್ತಿದ್ದವು. ಹೊಸ ನೀರಿಗೆ ಬಿಟ್ಟ ಮರಿ, ಎಂದಿತ್ತು ಅವನ ಮನಸ್ಸು; ದೀಪ ಆರಿಸು, ಗಾಜಿಗೆ ಬಟ್ಟೆ ಮುಚ್ಚು, ದೂರ ಸರಿ. ಮುಚ್ಚಲು ಬಟ್ಟೆ ಇರಲಿಲ್ಲವಾದ್ದರಿಂದ ಕಣ್ಣನ್ನೇ ಮೇಲಕ್ಕೆ ಎತ್ತಿದ್ದ. ಕೆಳಗೆ ನೋಡಿದಾಗ ಪಾದದ ಬಳಿ ಹೂವಿತ್ತು, ಮಗು ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಅವನು ಆ ಹೂವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದ.

ಈಗ ಅವನು ಹೇಳಿದ. ಹೇಳಲು ಅವನಿಗೆ ಬೇರೆ ಭಾಷೆ ಇರಲಿಲ್ಲ. ಯಾರಾದರೂ ನೋಡುತ್ತಿದ್ದರೆ ಹುಲಿಮೀನು ತಿನ್ನುವುದಿಲ್ಲ ಎಂದು ಶುರು ಮಾಡಿ, ಮೊದಲ ದಿನ, ಎರಡನೆಯ ದಿನ, ತಟ್ಟೆ ಎತ್ತಿಕೊಂಡು ಸರಿದ ಮೂರನೆಯ ದಿನ, ಎಲ್ಲವನ್ನೂ ತೊದಲುತ್ತ, ಹಿಂದುಮುಂದಾಗಿ ಹೇಳಿದ. ನೋಡಲಿಲ್ಲ ಎಂದಲ್ಲ, ನೋಡಿದ್ದೇನೆ, ದಿನವೂ ನೋಡಿದ್ದೇನೆ, ಗಾಜಿನಲ್ಲಿ ನೀನು ಕಾಣುತ್ತಿದ್ದೆ ಎಂದ. ಹಲ್ಲು ಬಿದ್ದಾಗ ನೀನು ಎಡಗಡೆಯಿಂದ ಅಗಿಯುತ್ತಿದ್ದೆ, ಅಲ್ಲ, ಬಲಗಡೆಯಿಂದ. ಮೀನಿನ ತಲೆಯ ಭಾಗವನ್ನು ಯಾರೂ ನೋಡದಾಗ ಅಮ್ಮನ ತಟ್ಟೆಗೆ ಹಾಕುತ್ತಿದ್ದೆ. ಪರೀಕ್ಷೆಯ ದಿನ ಮೊಟ್ಟೆ ಮುಟ್ಟುತ್ತಿರಲಿಲ್ಲ.

ಪೈಲಿನ್ ಎದ್ದು, ತೊಟ್ಟಿಯ ಮುಂದೆ, ಸ್ಟೂಲು ಇರುತ್ತಿದ್ದ ಜಾಗದಲ್ಲಿ ನೆಲದ ಮೇಲೆ ಕುಳಿತಳು. ಗಾಜಿಗೆ ಮುಖ ಹತ್ತಿರ ತಂದಳು. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದ. ತೊಟ್ಟಿಯ ಮೇಲೆ ಮಾಡಿನಲ್ಲಿ ಕೂರಿಸಿದ್ದ ಗಾಜಿನ ಹೆಂಚಿನಿಂದ ಬಿಸಿಲು ನೇರವಾಗಿ ನೀರಿಗೆ ಇಳಿದು, ಒಳಗೆಲ್ಲ ಬೆಳಗುತ್ತಿತ್ತು. ಬೊಡ್ಡೆಯ ನಾರು, ತಳದ ಮರಳು, ಮೀನಿನ ಒಂದೊಂದು ಹುರುಪೆಯೂ ಎದ್ದು ಕಾಣುತ್ತಿತ್ತು. ಕೋಣೆ ಮಬ್ಬಾಗಿತ್ತು.

"ಇಲ್ಲಿ ಏನೂ ಕಾಣಲ್ಲ" ಎಂದಳು.

"ಈಗ ಕಾಣಲ್ಲ. ಬೆಳಿಗ್ಗೆ ಹೊತ್ತು, ಕಿಟಕಿ ಕಡೆಯಿಂದ ಬೆಳಕು ಬಂದಾಗ..."

"ಬರೀ ಮೀನು ಕಾಣತ್ತೆ."

ಅವನು ಹೆಂಚಿಗೆ ಗೋಣಿ ಮುಚ್ಚಿ ಬರಲೇ ಎಂದ. ಏಣಿ ಹಿತ್ತಿಲಲ್ಲಿದೆ, ಒಂದು ನಿಮಿಷ ಎಂದ. ತನ್ನ ದನಿ ತನಗೇ ಸಂತೆಯಲ್ಲಿ ಸರಕು ತೋರಿಸುವವನ ದನಿಯಂತೆ ಕೇಳಿ, ನಿಲ್ಲಿಸಿದ. ಅವಳು ಬೇಡವೆಂದು ತಲೆಯಾಡಿಸಿದಳು. ನಂಬಿಕೆ ಇಲ್ಲ ಎಂದಲ್ಲ, ನಂಬುತ್ತೇನೆ ಎಂದಳು. ನಂಬುವುದು ಸುಖವೇನಲ್ಲ ಎಂಬಂತೆ ಅವಳ ಮುಖ ಸಣ್ಣದಾಗಿತ್ತು.

"ಆದ್ರೆ ನಾನು ತಿನ್ನೋಕೆ ಕಲಿತು ಎಷ್ಟೋ ವರ್ಷ ಆಗಿತ್ತಲ್ಲ, ಲುಂಗ್. ಅದು ನಿಮಗೆ ಗೊತ್ತಾಗಲಿಲ್ವಾ?"

ಗೊತ್ತಾಗಲಿಲ್ಲ ಎಂಬುದು ನಿಜ; ಮನೆಯೊಳಗೇ ಇರುವವನಿಗೆ ಬೆಳೆದದ್ದು ಕಾಣುವುದಿಲ್ಲ ಎಂಬುದು ನಿಜ; ಆದರೆ ಹದಿಮೂರು ವರ್ಷ ಹಸಿದು ಎದ್ದ ಮಗುವಿನ ಮುಂದೆ ಅದನ್ನು ನಿಜವೆಂದು ಹೇಗೆ ಬಡಿಸುವುದು? ಹುರಿದ ಮೀನು ತಣ್ಣಗಾಗಿ ಎಣ್ಣೆ ಬಿಳಿಚಿಕೊಳ್ಳುತ್ತಿತ್ತು. ಅವನಿಗೆ ಉಳಿದದ್ದು ಒಂದೇ ಮಾತು, ಅದನ್ನು ಆಡಿದ.

"ಹೋಗಬೇಡ, ಪೈಲಿನ್."

ಅವಳ ಕಣ್ಣು ತುಂಬಿದವು. ಎಷ್ಟು ಸುಲಭವಾಗಿ ತುಂಬಿದವು ಎಂದರೆ, ಆ ಮಾತು ಇಷ್ಟು ದಿನ ಅಲ್ಲೇ ರೆಪ್ಪೆಯ ಹಿಂದೆ ಕಾಯುತ್ತಿತ್ತೇನೋ ಎನ್ನುವಂತೆ.

"ನಿನ್ನೆ ಹೇಳಬೇಕಿತ್ತು. ಎಲ್ಲರ ಮುಂದೆ. ಅವಳಿಷ್ಟ ಅಂದ್ರಿ."

"ನಿನ್ನ ಮನಸ್ಸಿಗೆ ಬಂದ ಹಾಗೆ ಆಗಲಿ ಅಂತ..."

"ನಾನು ಕಾಯ್ತಾ ಇದ್ದೆ. ಈಗಲಾದ್ರೂ ಬೇಡ ಅಂತಾರೇನೋ ಅಂತ." ಅಂಗೈಯಿಂದ ಮುಖ ಒರೆಸಿಕೊಂಡಳು. "ದೊಡ್ಡಮ್ಮನಿಗೆ ಮಾತು ಕೊಟ್ಟಾಯ್ತು. ಕೋಣೆ ತೆರವು ಮಾಡಿಸ್ತೀನಿ ಅಂದಿದ್ದಾರೆ. ಅಲ್ಲಿ ನಾನು ಬೇಕು ಅಂತ ಅವರೇ ಬಾಯಿಬಿಟ್ಟು ಕೇಳಿದ್ರು."

ಕೆರೆಯ ಏರಿಯ ಮೇಲೆ ಗಾಡಿಯ ಹಾರ್ನ್ ಕೇಳಿಸಿತು. ಇಬ್ಬರೂ ಏಳಲಿಲ್ಲ. ಎರಡನೆಯ ಸಲ ಹತ್ತಿರದಲ್ಲಿ ಕೇಳಿದಾಗ ಅವಳು ಎದ್ದು, ತಟ್ಟೆಗಳನ್ನು ಒಂದರೊಳಗೊಂದು ಇಟ್ಟು, ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು. ಬುಪ್ಫಾಳ ಚಿತ್ರಪಟದ ಮುಂದೆ ಮಂಡಿಯೂರಿ ನಮಸ್ಕರಿಸಿದಳು. ಅವನ ಕಡೆ ತಿರುಗಿ, ಕೈ ಜೋಡಿಸಿ, ಹೆಬ್ಬೆರಳು ಮೂಗಿಗೆ ತಾಗುವಂತೆ ತಲೆ ಬಾಗಿಸಿದಳು. ಅವನು ನೋಡುತ್ತಿದ್ದ. ಈ ಸಲ ಒಂದು ಕ್ಷಣವೂ ಕಣ್ಣು ಸರಿಸಲಿಲ್ಲ. ಅವಳು ಬಾಗಿಲ ಬಳಿಗೆ ಹೋಗಿ, ಚೀಲ ಹೆಗಲಿಗೇರಿಸಿ, ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳತೊಡಗಿದಳು. ಪಟ್ಟಿ ರಂಧ್ರಕ್ಕೆ ಸೇರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಅವಳ ಹೆಗಲು ನಡುಗುತ್ತಿದ್ದವು. ಅವನು ನೋಡುತ್ತಲೇ ಇದ್ದ. ಇಷ್ಟು ವರ್ಷ ಕೊಡದೆ ಉಳಿಸಿಕೊಂಡ ನೋಟವನ್ನೆಲ್ಲ ಈಗ ಒಟ್ಟಿಗೆ ಸುರಿಯುವವನ ಹಾಗೆ.

ಅವಳು ತಲೆ ಎತ್ತದೆ ಹೇಳಿದಳು: "ನೋಡಬೇಡಿ."

ಅವನು ಉಸಿರು ಹಿಡಿದ.

"ನೀವು ನೋಡ್ತಾ ಇದ್ರೆ ನನಗೆ ಹೋಗೋಕಾಗಲ್ಲ."

ಆ ಮಾತಿನಲ್ಲಿ ಲುಂಗ್ ಎಂಬ ಕರೆ ಇರಲಿಲ್ಲ. ಅದು ಇರಬೇಕಾಗಿದ್ದ ಜಾಗ ಖಾಲಿಯಾಗಿ, ಬೇರೇನಕ್ಕೋ ತೆರೆದುಕೊಂಡು, ಹಾಗೆಯೇ ನಿಂತಿತ್ತು. ನೋಡುತ್ತ ನಿಂತರೆ ಸಾಕು ಎಂದು ಅವನಿಗೆ ಅರ್ಥವಾಯಿತು. ಇನ್ನೇನೂ ಮಾಡಬೇಕಾಗಿಲ್ಲ, ಇನ್ನೊಂದು ಮಾತೂ ಬೇಡ. ಕಣ್ಣನ್ನು ಸರಿಸದೆ ನಿಂತರೆ ಪಟ್ಟಿ ರಂಧ್ರಕ್ಕೆ ಸೇರುವುದಿಲ್ಲ, ಗಾಡಿ ಕಾದು ಬೇಸತ್ತು ಹೋಗುತ್ತದೆ, ಅವಳು ಚೀಲ ಕೆಳಗಿಡುತ್ತಾಳೆ. ನಾಳೆ ಅವಳು ಕಿಟಕಿಯ ಬಳಿ ಕುಳಿತಿರುತ್ತಾಳೆ, ಅವನು ಎದುರಿಗೆ. ಅವನ ನೋಟಕ್ಕೆ ಸಿಕ್ಕಿ, ಹೋಗಲಾರದೆ, ಉಳಿದವಳು. ಮತ್ತೊಬ್ಬ ಗಂಡಸಿನ ಕಣ್ಣಿನ ಕೆಳಗೆ ಕಲ್ಲಾದವಳು. ಹೊರಗೆ ಡ್ರೈವರ್ ಯಾರೊಂದಿಗೋ ಏನೋ ಹೇಳಿ ನಕ್ಕ. ಅವಳು ಬಗ್ಗಿಯೇ ಇದ್ದಳು, ಕೇಳಿದ್ದನ್ನು ಇನ್ನೊಮ್ಮೆ ಕೇಳದೆ.

ಥವಿನ್ ತಿರುಗಿದ. ಮಸಿ ಹಿಡಿದ ಅಡುಗೆಮನೆಯ ಗೋಡೆ, ಮೊಳೆಗೆ ನೇತುಹಾಕಿದ ಸೌಟು. ಕಣ್ಣು ಮುಚ್ಚಿಕೊಂಡ. ಹಿಂದೆ ಪಟ್ಟಿಯ ಕೊಂಡಿ ಕಟ್ ಎಂದು ಕೂತಿತು. ಹಲಗೆ ಒಮ್ಮೆ ಕಿರುಗುಟ್ಟಿತು. ಅವಳು ನಿಂತಿದ್ದಾಳೆ ಎಂದು ತಿಳಿಯಿತು, ಅವನ ಬೆನ್ನನ್ನು ನೋಡುತ್ತ, ಒಂದು ಉಸಿರಿನಷ್ಟು, ಎರಡು ಉಸಿರಿನಷ್ಟು. ಆಮೇಲೆ ಬೆಚ್ಚಗಿನ ಗಾಳಿ ಒಳಗೆ ಬಂದು ಅವನ ಕುತ್ತಿಗೆಯನ್ನು ಮುಟ್ಟಿತು, ಮತ್ತು ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.